ಓಡಿ ಬಂದ ದಿನ ಮಗ ನೆಮ್ಮದಿಯಾಗಿ ಕೂರ್ತಾನೆ: ಆಟಿಸಂ ಮಕ್ಕಳ ಮೆದುಳಿಗೆ ವ್ಯಾಯಾಮ ನಿಜವಾಗ್ಲೂ ಏನಾದ್ರೂ ಮಾಡುತ್ತಾ?

ಕುವೆಂಪುನಗರದಮ್ಮ
ಎಲ್ಲರಿಗೂ ನಮಸ್ಕಾರ. ಮಗನಿಗೆ ಈಗ 8 ವರ್ಷ. ಮೂರು ತುಂಬಿದಾಗ ಆಟಿಸಂ ಅಂತ ಗೊತ್ತಾಯ್ತು. ಎರಡು ಮೂರು ಪದ ಸೇರಿಸಿ ಮಾತಾಡ್ತಾನೆ. ವಾರಕ್ಕೆ ಎರಡು ದಿನ ಸ್ಪೀಚ್ ಥೆರಪಿ, ಎರಡು ದಿನ ಒಟಿ (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸಗಳನ್ನ ರೂಢಿ ಮಾಡಿಸೋ ಚಿಕಿತ್ಸೆ).

ಒಂದೂವರೆ ತಿಂಗಳಿಂದ ಸಂಜೆ ಮನೆ ಹತ್ತಿರದ ಪಾರ್ಕಲ್ಲಿ ನಾನೂ ಅವನೂ ಓಡ್ತಿದ್ದೀವಿ. ಓಡಿ ಬಂದ ದಿನ ಒಂದು ಗಂಟೆ ಬೇರೆಯದೇ ಮಗು. ತಟ್ಟೆ ಮುಂದೆ ಕೂತು ಊಟ ಮಾಡ್ತಾನೆ, ಪೆನ್ಸಿಲ್ ಹಿಡೀತಾನೆ, ಹೆಸರು ಕರೆದ್ರೆ ತಿರುಗ್ತಾನೆ. ಮಳೆ ಬಂದು ಹೋಗಕ್ಕಾಗದ ದಿನ ಸೋಫಾದಿಂದ ಮಂಚಕ್ಕೆ, ಮಂಚದಿಂದ ನೆಲಕ್ಕೆ ಜಿಗಿತ. ರಾತ್ರಿ 12 ಆದ್ರೂ ಕಣ್ಣು ಮುಚ್ಚಲ್ಲ.

ನನ್ನ ಪ್ರಶ್ನೆ: ಇದು ನಿಜವಾ, ಇಲ್ಲಾ ನನ್ನ ಆಸೆಗೆ ಹಾಗೆ ಕಾಣ್ತಿದೆಯಾ?

ಇನ್ನೊಂದು. ಒಂದು ಸೆಂಟರ್‌ನವರು ‘ನರಕೋಶ ಬೆಳೆಸುವ ವ್ಯಾಯಾಮ’ ಅಂತ ಆರು ತಿಂಗಳ ಪ್ಯಾಕೇಜ್ ಹೇಳಿದ್ದಾರೆ. ತಿಂಗಳಿಗೆ 18,000. ಟ್ರೆಡ್‌ಮಿಲ್ ಇದೆ, ಹೊಳೆಯೋ ದೀಪಗಳಿವೆ. ಆಟಿಸಂ ಕಡಿಮೆ ಆಗುತ್ತೆ ಅಂತ ಬರೆದೇ ಕೊಟ್ಟಿದ್ದಾರೆ. ಸಾಲ ಮಾಡಿಯಾದ್ರೂ ಸೇರಿಸೋಣ ಅಂತಾರೆ ನಮ್ಮೆಜಮಾನ್ರು. ಏನು ಮಾಡ್ಲಿ?

ಮೂರನೇದು ಚಿಕ್ಕದು. ಶೂ ಹಾಕಿದ್ರೆ ಕಿತ್ತೆಸೀತಾನೆ. ಪಾರ್ಕ್ ತುಂಬಾ ಜಲ್ಲಿ. ಉಪಾಯ ಇದ್ರೆ ಹೇಳಿ.

ರಾಯಚೂರು ತಾಯಿ
ಅಕ್ಕಾ, ನಿಮ್ಮ ಆಸೆ ಅಲ್ರಿ ಅದು. ನಮ್ಮನಿಯಾಗೂ ಹಂಗ ಐತಿ. ಸಾಲ ಮಾಡಬ್ಯಾಡ್ರಿ.

ಪುಸ್ತಕಹುಳು
ನಿಮ್ಮ ಕಣ್ಣಿಗೆ ಕಂಡದ್ದು ಹೊಸದೇನಲ್ಲ. 1980ರ ದಶಕದ ಮೊದಲರ್ಧದಲ್ಲೇ ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಅದೇ ಮಕ್ಕಳನ್ನು ಒಂದು ದಿನ 15 ನಿಮಿಷ ಜಾಗಿಂಗ್ ಮಾಡಿಸಿದರು, ಇನ್ನೊಂದು ದಿನ 15 ನಿಮಿಷ ಸುಮ್ಮನೆ ಚೆಂಡಾಟ ಆಡಿಸಿದರು. ಏದುಸಿರು ಬರುವಷ್ಟು ಓಡಿದ ಮೇಲೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡೋದು ಕಡಿಮೆ ಆಯಿತು. ಮೆಲ್ಲಗಿನ ಚೆಂಡಾಟದಿಂದ ಆ ಬದಲಾವಣೆ ಕಾಣಲಿಲ್ಲ. ಅಂದರೆ ಬರೀ ಹೊರಗೆ ಕರ್ಕೊಂಡು ಹೋದ್ರೆ ಸಾಲದು, ಮೈ ಬಿಸಿಯಾಗಬೇಕು.

ಆಮೇಲೆ ಬಂದ ಅಧ್ಯಯನಗಳು ಬಹಳ. ಹೆಚ್ಚಿನವು ಚಿಕ್ಕವು, 10–30 ಮಕ್ಕಳು ಅಷ್ಟೇ. ಆದರೆ ದಿಕ್ಕು ಮಾತ್ರ ಒಂದೇ.

ಧಾರವಾಡದಪ್ಪ
ನಮ್ಮ ಹುಡುಗಗ 11 ವರ್ಷ. ಓಡು ಅಂದ್ರ ಓಡಂಗಿಲ್ಲ. ಆದ್ರ ಭಾರ ಎತ್ತೋ ಕೆಲಸ ಕೊಟ್ರ ಖುಷಿ ನೋಡ್ರಿ ಅವಂಗ! ನಮ್ಮ ಹೊಲಕ್ಕ ಹ್ವಾದಾಗ ಎರಡೂ ಕೈಯಾಗ ಸಣ್ಣ ಕೊಡ ಹಿಡ್ಕೊಂಡು ನೀರು ತರ್ತಾನ, ಹಿಂಡಿ ಚೀಲ ಎಳೀತಾನ. ಹಿಂಗ ಅರ್ಧ ತಾಸು ಮಾಡಿದ ಮ್ಯಾಲೆ ಗದ್ದಲದ ಬಸ್ಸಿನ್ಯಾಗ ಕುಂತ್ರೂ ಕಿವಿ ಮುಚ್ಕೊಳ್ಳಂಗಿಲ್ಲ. ನಮ್ಮವ್ವ ಅಂತಾಳ, ‘ಮೈಗೆ ಕೆಲಸ ಸಿಕ್ರ ಜೀವಕ್ಕ ಸಮಾಧಾನ’ ಅಂತ. ಇದಕ್ಕೇನು ಕಾರಣ, ಬಲ್ಲವರು ಹೇಳ್ರಿ.

ಶಿವಮೊಗ್ಗ ಫಿಸಿಯೋ
ನಾನು ಮಕ್ಕಳ ಫಿಸಿಯೋಥೆರಪಿ ಮಾಡ್ತೀನಿ, ಹೇಳ್ತೀನಿ ಕೇಳಿ.

ಕಣ್ಣು ಮುಚ್ಚಿದ್ರೂ ನಮ್ಮ ಕೈ ಎಲ್ಲಿದೆ ಅಂತ ನಮಗೆ ಗೊತ್ತಿರುತ್ತೆ ಅಲ್ವಾ? ಸ್ನಾಯು, ಕೀಲುಗಳಿಂದ ಮೆದುಳಿಗೆ ಹೋಗೋ ಸುದ್ದಿ ಅದು. ಪ್ರೊಪ್ರಿಯೋಸೆಪ್ಶನ್ ಅಂತಾರೆ. ತುಂಬಾ ಆಟಿಸಂ ಮಕ್ಕಳಿಗೆ ಈ ಸುದ್ದಿ ಸರಿಯಾಗಿ ಹೊಂದಿಕೊಳ್ಳಲ್ಲ. ಜಿಗಿಯೋದು, ಗೋಡೆಗೆ ಮೈ ಒತ್ತೋದು, ಬಿಗಿಯಾಗಿ ಅಪ್ಪಿಕೊಳ್ಳೋದು ಇವೆಲ್ಲಾ ಆ ಸುದ್ದಿಯನ್ನ ಹುಡುಕೋ ದಾರಿ. ಕೊಡ ಹೊತ್ತಾಗ ಅದು ಜೋರಾಗಿ ಸಿಗುತ್ತೆ, ಮಗು ಶಾಂತವಾಗುತ್ತೆ. ಒಟಿ ಕೋಣೇಲಿ ನಾವು ಮಾಡಿಸೋದೂ ಇದನ್ನೇ. ಧಾರವಾಡದಪ್ಪ ಅವರ ತಾಯಿಗೆ ನನ್ನ ನಮಸ್ಕಾರ.

ಇನ್ನು ಮೆದುಳು. ಹಿಂದಲೆಯ ಕಿರುಮೆದುಳು ಸಮತೋಲನ ನೋಡ್ಕೊಳ್ಳುತ್ತೆ, ಚಲನೆಯನ್ನ ತಾಳಕ್ಕೆ ತರುತ್ತೆ. ತೀರಿಕೊಂಡ ಆಟಿಸಂ ವ್ಯಕ್ತಿಗಳ ಮೆದುಳನ್ನ ಪರೀಕ್ಷಿಸಿದಾಗ ಅಲ್ಲಿನ ಪರ್ಕಿಂಜೆ ಅನ್ನೋ ಕೋಶಗಳು ಕಡಿಮೆ ಇರೋದು ಅನೇಕರಲ್ಲಿ ಕಂಡಿದೆ. ಚೆಂಡು ಹಿಡಿಯೋದು, ಒಂಟಿ ಕಾಲಲ್ಲಿ ನಿಲ್ಲೋದು, ಸೈಕಲ್ ತುಳಿಯೋದು ಹೆಚ್ಚಿನ ಮಕ್ಕಳಿಗೆ ಕಷ್ಟ ಆಗೋದು ಸೋಮಾರಿತನದಿಂದಲ್ಲ. ಇದನ್ನ ಮನೆಯವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಮಗುವಿನ ಆಸೆಗೆ ಮೈ ಜೊತೆ ಕೊಡ್ತಿರಲ್ಲ, ಅಷ್ಟೇ.

ಕುವೆಂಪುನಗರದಮ್ಮ
ತುಂಬಾ ಧನ್ಯವಾದ ಮೇಡಂ. ಆ ಸೆಂಟರ್‌ನವರು ಕೊಟ್ಟ ಕಾಗದದಲ್ಲಿ ‘ಬಿಡಿಎನ್‌ಎಫ್ ಹೆಚ್ಚಿಸಿ ಮೆದುಳು ಬೆಳೆಸುತ್ತದೆ, ವೈಜ್ಞಾನಿಕವಾಗಿ ಸಾಬೀತಾಗಿದೆ’ ಅಂತಿದೆ. ಅದು ಸುಳ್ಳಾ?

ಪುಸ್ತಕಹುಳು
ಅರ್ಧ ನಿಜ. ಅದಕ್ಕೇ ಎಚ್ಚರ ಬೇಕು.

ಬಿಡಿಎನ್‌ಎಫ್ ಅನ್ನೋದು ನರಕೋಶಗಳು ಬದುಕಿ, ಬೆಳೆದು, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳೋಕೆ ನೆರವಾಗೋ ಪ್ರೋಟೀನ್. ಚಕ್ರದಲ್ಲಿ ಓಡಿದ ಇಲಿಗಳ ಮೆದುಳಲ್ಲಿ ಅದು ಹೆಚ್ಚುತ್ತೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದಲ್ಲಿ ಹೊಸ ಕೋಶಗಳೂ ಹುಟ್ಟುತ್ತವೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 120 ವಯಸ್ಸಾದವರನ್ನು ಎರಡು ಗುಂಪು ಮಾಡಿದ್ದರು. ಒಂದು ವರ್ಷ ಬಿರುಸಾಗಿ ನಡೆದ ಗುಂಪಿನಲ್ಲಿ ಹಿಪೊಕ್ಯಾಂಪಸ್ ಸುಮಾರು 2% ದೊಡ್ಡದಾಯಿತು. ಇಷ್ಟು ಸರಿ.

ಆದರೆ ಅವರು ಅಜ್ಜ ಅಜ್ಜಿಯರು, ಆಟಿಸಂ ಇರೋ ಮಕ್ಕಳಲ್ಲ. ಇನ್ನೊಂದು ತೊಡಕು ಕೇಳಿ: ಆಟಿಸಂ ಮಕ್ಕಳ ರಕ್ತದಲ್ಲಿ ಬಿಡಿಎನ್‌ಎಫ್ ಸರಾಸರಿಯಾಗಿ ಬೇರೆ ಮಕ್ಕಳಿಗಿಂತ ಹೆಚ್ಚೇ ಇದೆ ಅಂತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಹಾಗಿದ್ದ ಮೇಲೆ ‘ಅದನ್ನು ಹೆಚ್ಚಿಸಿದ್ರೆ ಆಟಿಸಂ ಇಳಿಯುತ್ತೆ’ ಅನ್ನೋ ಲೆಕ್ಕ ಎಲ್ಲಿ ಕೂರುತ್ತೆ? ಇಲಿಯ ವಿಷಯ, ಅಜ್ಜನ ವಿಷಯ ಎರಡನ್ನೂ ಹೊಲಿದು ನಿಮ್ಮ ಮಗುವಿಗೆ ಅಂಗಿ ತೊಡಿಸ್ತಿದ್ದಾರೆ ಅವರು.

ಮೈಸೂರಜ್ಜ
ಬರೆದುಕೊಟ್ಟಿದ್ದಾರೆ ಅಂದ ಮೇಲೆಯೇ ಅನುಮಾನ ಪಡಬೇಕು ತಾಯಿ. ನನ್ನ ಮೊಮ್ಮಗಳಿಗೂ ಇದೇ ಇದೆ. ನಾಲ್ಕು ಕಡೆ ದುಡ್ಡು ಸುರಿದೆವು. ಒಳ್ಳೆಯ ಡಾಕ್ಟರು ಯಾರೂ ಇಂತಿಷ್ಟು ದಿನದಲ್ಲಿ ಹೋಗುತ್ತೆ ಅಂತ ಹೇಳಿದ್ದಿಲ್ಲ.

ಕರಾಟೆ ಮಾಸ್ಟ್ರು
ಹುಬ್ಬಳ್ಳಿಯಲ್ಲಿ ಕರಾಟೆ ಕಲಿಸ್ತೀನಿ. ವಿಶೇಷ ಮಕ್ಕಳ ಬ್ಯಾಚ್ ಪ್ರತ್ಯೇಕ ಇದೆ. ಇರಾನಿನಲ್ಲಿ 30 ಆಟಿಸಂ ಮಕ್ಕಳ ಮೇಲೆ ಒಂದು ಅಧ್ಯಯನ ಆಗಿದೆ, 2012ರಲ್ಲಿ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ವಾರಕ್ಕೆ ನಾಲ್ಕು ದಿನದಂತೆ 14 ವಾರ ‘ಕಾತಾ’, ಅಂದರೆ ಕರಾಟೆಯ ಹೆಜ್ಜೆಗಳ ಸರಣಿ ಕಲಿಸಿದರು. ಪುನರಾವರ್ತನೆಯ ವರ್ತನೆ ಸುಮಾರು 42% ಇಳಿಯಿತು. ತರಬೇತಿ ನಿಲ್ಲಿಸಿ ಒಂದು ತಿಂಗಳಾದ ಮೇಲೂ ಮೊದಲಿಗಿಂತ ಕಡಿಮೆಯೇ ಇತ್ತು. ಹಾಗಾಗಿ ಪರಿಣಾಮ ಒಂದು ಗಂಟೆಯದು ಅಂತ ಅಕ್ಕ ನಿರಾಶೆ ಪಡಬೇಕಿಲ್ಲ. ಕಾತಾದಲ್ಲಿ ಹೆಜ್ಜೆಗಳ ಕ್ರಮ ಒಂದೇ, ಬದಲಾಗಲ್ಲ. ಈ ಮಕ್ಕಳಿಗೆ ಅದು ಬಹಳ ಹಿಡಿಸುತ್ತೆ.

ನಮ್ಮ ಕ್ಲಾಸಿಗೆ ಬರುವ ಒಬ್ಬ ಹುಡುಗ ಸದಾ ಕೈ ಬಡೀತಿದ್ದ. ಒಂದು ವರ್ಷದಲ್ಲಿ ಸಂಪೂರ್ಣ ನಿಂತಿದೆ.

ನೀಲಿ ಹೆಡ್‌ಫೋನ್
ನನಗೆ 27, ಬೆಂಗಳೂರಲ್ಲಿ ಸಾಫ್ಟ್‌ವೇರ್ ಪರೀಕ್ಷಕ. ನಾನೇ ಆಟಿಸ್ಟಿಕ್. ಮಾಸ್ಟ್ರೇ, ಒಂದು ಕೇಳ್ತೀನಿ, ಬೇಜಾರಾಗ್ಬೇಡಿ. ಆ ಹುಡುಗ ಕೈ ಬಡಿಯೋದ್ರಿಂದ ಯಾರಿಗೆ ತೊಂದರೆ ಆಗ್ತಿತ್ತು?

ನಾನು ಚಿಕ್ಕವನಿದ್ದಾಗ ನನ್ನನ್ನ ಬೆಳಿಗ್ಗೆ ಗ್ರೌಂಡಲ್ಲಿ ಓಡಿಸ್ತಿದ್ರು. ಸುಸ್ತಾದ್ರೆ ಕೈ ಆಡಿಸಲ್ಲ ಅನ್ನೋದೇ ಉದ್ದೇಶ. ಸುಸ್ತಾಗಿ ಸುಮ್ಮನೆ ಕೂತವನನ್ನ ನೋಡಿ ಮನೆಯವರೆಲ್ಲಾ ಖುಷಿ ಪಟ್ಟರು. ಒಳಗೆ ನಾನು ಹೇಗಿದ್ದೆ ಅಂತ ಯಾರೂ ಕೇಳಲಿಲ್ಲ. ಕೈ ಆಡಿಸೋದು ನನಗೆ ಉಸಿರು ಬಿಟ್ಟ ಹಾಗೆ. ಗದ್ದಲ ಜಾಸ್ತಿಯಾದಾಗ ನನ್ನನ್ನ ನಾನು ಹಿಡಿದುಕೊಳ್ಳೋ ರೀತಿ ಅದು. ಸಂತೋಷವಾದಾಗ್ಲೂ ಆಡಿಸ್ತೀನಿ.

ಈಗ ನಾನೇ ಇಷ್ಟಪಟ್ಟು ದಿನಾ 40 ನಿಮಿಷ ಈಜ್ತೀನಿ. ನೀರಿನ ಒಳಗೆ ಸದ್ದಿಲ್ಲ, ಇಡೀ ಮೈಗೆ ಒಂದೇ ಸಮ ಒತ್ತಡ. ಬಂದ ಮೇಲೆ ಆಫೀಸಿನ ಟ್ಯೂಬ್‌ಲೈಟ್ ಕೂಡ ಕಣ್ಣಿಗೆ ಚುಚ್ಚಲ್ಲ. ವ್ಯಾಯಾಮ ನನಗೆ ಬೇಕೇ ಬೇಕು. ಆದರೆ ಕೈ ಬಡಿಯೋದು ಎಷ್ಟು ಕಡಿಮೆ ಆಯ್ತು ಅಂತ ಎಣಿಸೋದು ತಪ್ಪು ಅಳತೆ. ನಿದ್ದೆ ಬಂತಾ, ಹೆದರಿಕೆ ಇಳಿತಾ, ಮಗು ನಾಳೆಯೂ ಹೋಗೋಣ ಅಂತಾ, ಅದನ್ನ ನೋಡಿ.

ಹುಡುಗಿಯ ಅಮ್ಮ
ನೀಲಿ ಹೆಡ್‌ಫೋನ್ ಅವರೇ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಮಗಳಿಗೆ ಇದನ್ನೆಲ್ಲಾ ಹೇಳೋಕೆ ಬರಲ್ಲ. ನೀವು ಹೇಳಿದ್ರಿ.

ಕರಾಟೆ ಮಾಸ್ಟ್ರು
ಬೇಜಾರಿಲ್ಲ ತಮ್ಮಾ. ಆದ್ರೆ ನನ್ನ ಮಾತನ್ನೂ ಕೇಳು. ಆ ಹುಡುಗ ಬರೀ ಕೈ ಬಡೀತಿರಲಿಲ್ಲ, ಕೆನ್ನೆಗೂ ಹೊಡ್ಕೊಳ್ತಿದ್ದ. ಕಣ್ಣ ಕೆಳಗೆ ಕಪ್ಪಾಗಿರ್ತಿತ್ತು. ಅವನ ತಾಯಿ ರಾತ್ರಿ ಕೈ ಹಿಡ್ಕೊಂಡೇ ಮಲಗ್ತಿದ್ದರು. ಅದು ನಿಂತಿದ್ದಕ್ಕೆ ನಾನು ಹೆಮ್ಮೆ ಪಡ್ತೀನಿ, ಬಿಡಲ್ಲ.

ನೀಲಿ ಹೆಡ್‌ಫೋನ್
ಹೊಡ್ಕೊಳ್ಳೋದು ನಿಲ್ಲಬೇಕು, ಅದಕ್ಕೆ ನನ್ನ ತಕರಾರಿಲ್ಲ. ಅದು ನಿಂತ ಮೇಲೆ ಕೈ ಬಡಿಯೋದಕ್ಕಾದ್ರೂ ಬಿಡಬಹುದಿತ್ತಲ್ಲಾ?

ಕರಾಟೆ ಮಾಸ್ಟ್ರು
ಎರಡನ್ನೂ ಒಂದೇ ಅಂತ ತಿಳ್ಕೊಂಡಿದ್ದೆ. ಸಾಲಿನಲ್ಲಿ ನಿಂತಾಗ ಕೈ ಕೆಳಗೆ ಅಂತ ಹೇಳೋದು ನಮ್ಮಲ್ಲಿ ಶಿಸ್ತು. ಅದನ್ನು ಹೇಗೆ ಬದಲಾಯಿಸಬೇಕೋ ಯೋಚನೆ ಮಾಡ್ತೀನಿ. ಈಗಲೇ ಹೂಂ ಅನ್ನಲ್ಲ.

ಉಡುಪಿ ಮೀನಮ್ಮ
ಈಜುವ ಮಾತು ಬಂತಲ್ಲ, ನಾನೊಂದು ಹೇಳ್ತೇನೆ ಮಾರಾಯ್ರೆ. ಈ ಮಕ್ಕಳಿಗೆ ನೀರೆಂದರೆ ಜೀವ. ಹೇಳದೆ ಕೇಳದೆ ಮನೆಯಿಂದ ಹೊರಟು ಬಿಡುವುದೂ ಉಂಟು. ನಮ್ಮಲ್ಲಿ ಮನೆ ಮನೆಗೆ ಬಾವಿ, ದೇವಸ್ಥಾನದಲ್ಲಿ ಕೆರೆ, ಆಚೆ ಹೊಳೆ, ಈಚೆ ಕಡಲು. ಹೀಗೆ ಹೊರಟು ಹೋದ ಮಕ್ಕಳ ಸಾವಿಗೆ ಹೊರದೇಶಗಳಲ್ಲೂ ಮುಳುಗುವುದೇ ದೊಡ್ಡ ಕಾರಣವಂತೆ. ಹಾಗಾಗಿ ಓಟ ಕಲಿಸಿದರೂ ಸರಿ, ಬಿಟ್ಟರೂ ಸರಿ, ಈಜು ಮಾತ್ರ ಕಲಿಸಲೇಬೇಕು. ನನ್ನ ಮಗ ಕಲಿಯಲಿಕ್ಕೆ ಎರಡು ವರ್ಷ ತೆಗೆದುಕೊಂಡ. ಮೊದಲ ಮೂರು ತಿಂಗಳು ಮೆಟ್ಟಿಲಲ್ಲಿ ಕೂತು ಕಾಲು ಅದ್ದಿದ್ದು ಮಾತ್ರ. ಈಗ ಬಟ್ಟೆ ಹಾಕಿಕೊಂಡೇ ಬಿದ್ದರೂ ದಡ ಸೇರ್ತಾನೆ. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದೇವೆ, ಅದು ಬೇರೆ.

ಶಿವಮೊಗ್ಗ ಫಿಸಿಯೋ
ಇದು ತುಂಬಾ ಮುಖ್ಯ. ಇದಕ್ಕೊಂದು ಸೇರಿಸ್ತೀನಿ: ಆಟಿಸಂ ಜೊತೆ ಮೂರ್ಛೆ ರೋಗ ಇರೋ ಸಂಭವ ಬೇರೆ ಮಕ್ಕಳಿಗಿಂತ ಹೆಚ್ಚು. ಫಿಟ್ಸ್ ಬಂದಿದ್ದರೆ ಡಾಕ್ಟರ್ ಹತ್ತಿರ ಕೇಳದೆ ನೀರಿಗೆ ಇಳಿಸಬೇಡಿ. ಇಳಿಸಿದಾಗ ಕೈಗೆಟುಕೋ ದೂರದಲ್ಲಿ ಒಬ್ಬ ದೊಡ್ಡವರು ಇರಲೇಬೇಕು.

ರಾಯಚೂರು ತಾಯಿ
ನಮ್ಮ ಕಡೆ ಕೆರಿ ಬಾವಿ ಚಿಂತಿಗಿಂತ ಬಿಸಲಿನ ಚಿಂತಿ ದೊಡ್ಡದು. ನಮ್ಮ ಹುಡುಗಗ ನೀರಡಿಕಿ ಆಗಿದ್ದು ಗೊತ್ತಾಗಂಗಿಲ್ಲ, ಸುಸ್ತಾಗಿದ್ದೂ ಗೊತ್ತಾಗಂಗಿಲ್ಲ. ಹೋದ ವರ್ಷ ಏಪ್ರಿಲ್‌ನಾಗ ಸಂಜಿ ಐದಕ್ಕ ಆಡಾಕ ಬಿಟ್ಟಿದ್ದೆ, ಮುಖ ಕೆಂಪಗಾಗಿ ವಾಂತಿ ಮಾಡ್ಕೊಂಡ. ಅವತ್ತಿಂದ ಬ್ಯಾಸಗಿ ಮುಗಿಯೂತನ ಮುಂಜಾನಿ ಆರಕ್ಕ. ಪ್ರತಿ ಎರಡು ಸುತ್ತಿಗೆ ನಾನೇ ಕರದು ನಾಕು ಗುಟುಕು ಕುಡಸ್ತೀನಿ. ಕೇಳಿದ ಮ್ಯಾಲೆ ಕೊಡೋದಲ್ಲ, ಕೇಳೂದಕಿಂತ ಮೊದಲ ಕೊಡೋದು.

ಹುಡುಗಿಯ ಅಮ್ಮ
ಎಲ್ಲರೂ ಮಗ ಮಗ ಅಂತ ಬರೀತಿದ್ದೀರಿ. ನನ್ನ ಮಗಳಿಗೆ 13. ಹತ್ತು ವರ್ಷದ ತನಕ ಬೀದೀಲಿ ಕುಂಟೆಬಿಲ್ಲೆ ಆಡ್ತಿದ್ದಳು, ಸೈಕಲ್ ಕಲಿತಿದ್ದಳು. ದೊಡ್ಡವಳಾದ ಮೇಲೆ ಹೊರಗೆ ಕಳಿಸೋಕೆ ನಮಗೇ ಭಯ. ಅವಳು ಯಾರ ಹಿಂದೆ ಬೇಕಾದ್ರೂ ಹೋಗಿಬಿಡ್ತಾಳೆ. ಎರಡು ವರ್ಷದಲ್ಲಿ 14 ಕೆಜಿ ಹೆಚ್ಚಾದಳು, ರಾತ್ರಿ ಕಿರುಚಾಟ ಶುರುವಾಯ್ತು, ರಿಸ್ಪೆರಿಡೋನ್ ಮಾತ್ರೆ ಕೊಟ್ಟರು, ಅದರಿಂದ ಹಸಿವು ಇನ್ನೂ ಜಾಸ್ತಿ. ಶಾಲೆಯಲ್ಲಿ ಪಿಟಿ ಪೀರಿಯಡ್ ಬಂದರೆ ಇವಳ ಕೆಲಸ ಬೇರೆ ಮಕ್ಕಳ ಬ್ಯಾಗ್ ಕಾಯೋದು. ಆರು ತಿಂಗಳು ಬ್ಯಾಗ್ ಕಾದಿದ್ದಾಳೆ ಅಂತ ನನಗೆ ಗೊತ್ತಾಗಿದ್ದೇ ಮೊನ್ನೆ.

ಮೈಸೂರಜ್ಜ
ಮಾತ್ರೆ ನಿಲ್ಲಿಸಿಬಿಡು ತಾಯಿ, ದಿನಾ ನಡೆಸು, ಸಾಕು.

ಶಿವಮೊಗ್ಗ ಫಿಸಿಯೋ
ಅಜ್ಜಾ, ದಯವಿಟ್ಟು ಹಾಗೆ ಹೇಳಬೇಡಿ. ರಿಸ್ಪೆರಿಡೋನ್‌ನಿಂದ ತೂಕ ಹೆಚ್ಚೋದು ಗೊತ್ತಿರೋ ವಿಷಯವೇ. ಆದರೆ ಅದನ್ನ ನಾವೇ ತಟ್ಟನೆ ನಿಲ್ಲಿಸೋದು ಅಪಾಯ. ಬರೆದುಕೊಟ್ಟ ಡಾಕ್ಟರ್ ಹತ್ತಿರ ತೂಕದ ಚೀಟಿ ತಗೊಂಡು ಹೋಗಿ ಮಾತಾಡಬೇಕು. ನಡಿಗೆ ಅದರ ಜೊತೆಗೆ ಇರಲಿ.

ಮೈಸೂರಜ್ಜ
ಸರಿ ಮಗಳೇ. ಅರಿಯದೆ ಹೇಳಿದೆ, ಹಿಂತೆಗೆದುಕೊಂಡೆ.

ಪುಸ್ತಕಹುಳು
ಬ್ಯಾಗ್ ಕಾಯಿಸೋದು ಕಾನೂನಿಗೆ ವಿರುದ್ಧ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 16ನೇ ಕಲಂ ಓದಿ. ಸರ್ಕಾರದಿಂದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಈ ಮಕ್ಕಳಿಗೆ ಪಾಠದ ಜೊತೆಗೆ ಆಟ ಮತ್ತು ಮನರಂಜನೆಗೂ ಬೇರೆ ಮಕ್ಕಳಷ್ಟೇ ಅವಕಾಶ ಕೊಡಬೇಕು ಅಂತ ಅದರಲ್ಲಿದೆ. ಆಟಿಸಂ ಆ ಕಾಯ್ದೆಯ 21 ವೈಕಲ್ಯಗಳಲ್ಲಿ ಒಂದು. ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಅದೇ: 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ. ವೈಕಲ್ಯ ಇರೋ ಮಕ್ಕಳಿಗೂ ಅಷ್ಟೇ.

ಹುಡುಗಿಯ ಅಮ್ಮ
16ನೇ ಕಲಂ. ಬರ್ಕೊಂಡೆ. ಸೋಮವಾರ ಹೋಗ್ತೀನಿ.

ಧಾರವಾಡದಪ್ಪ
ಜೋಡಿ ಯಾರನರ ಕರ್ಕೊಂಡು ಹೋಗ್ರಿ ಅಕ್ಕಾರ. ಒಬ್ಬರ ಹ್ವಾದ್ರ ಕುಂದರಸಿ ಚಹಾ ಕೊಟ್ಟು ಕಳಸ್ತಾರ.

ನೀಲಿ ಹೆಡ್‌ಫೋನ್
ನನ್ನನ್ನೂ ಪಿಟಿ ಪೀರಿಯಡ್‌ನಲ್ಲಿ ಸ್ಕೋರ್ ಬರೆಯೋಕೆ ಕೂರಿಸ್ತಿದ್ರು. ತಂಡದ ಆಟ ನನಗೆ ಆಗಲ್ಲ. ಲಗೋರಿಯಲ್ಲಿ ಯಾರು ಯಾವಾಗ ಯಾಕೆ ಕೂಗ್ತಾರೆ ಅಂತಾನೇ ತಿಳೀತಿರಲಿಲ್ಲ. ಹಾಗಂತ ಆಟವೇ ಬೇಡ ಅಂತಲ್ಲ. ಹಗ್ಗದಾಟ, ಸೈಕಲ್, ಬೆಟ್ಟ ಹತ್ತೋದು, ಈಜು, ಇವುಗಳಲ್ಲಿ ಪಕ್ಕದಲ್ಲಿ ಜನ ಇರ್ತಾರೆ, ಆದರೆ ಅವರ ಮನಸ್ಸನ್ನ ಊಹಿಸಬೇಕಿಲ್ಲ. ಮಗಳಿಗೆ ಕುಂಟೆಬಿಲ್ಲೆ ಇಷ್ಟ ಅಂದ್ರಲ್ಲ, ತಾರಸಿಯ ಮೇಲೆ ಚಾಕ್‌ನಲ್ಲಿ ಮನೆ ಬರೆದು ಕೊಡಿ. ನಿಯಮ ಗಟ್ಟಿ, ಸರದಿ ಗೊತ್ತು, ಒಂಟಿ ಕಾಲಿನ ಕಸರತ್ತೂ ಆಯ್ತು.

ಹುಡುಗಿಯ ಅಮ್ಮ
ತಾರಸಿ! ಇದು ಹೊಳೆದೇ ಇರಲಿಲ್ಲ ನನಗೆ.

ಶಿವಮೊಗ್ಗ ಫಿಸಿಯೋ
ಮೊದಲ ಪ್ರಶ್ನೆಗೆ ವಾಪಸ್ ಬರ್ತೀನಿ. ಕುವೆಂಪುನಗರದಮ್ಮ, ಆ 18,000 ಕೊಡಬೇಡಿ. ಟ್ರೆಡ್‌ಮಿಲ್ ಮೇಲೆ ಓಡಿದ್ರೂ ಪಾರ್ಕಲ್ಲಿ ಓಡಿದ್ರೂ ಹೃದಯ ಬಡಿಯೋದು ಒಂದೇ. ಹೊಳೆಯೋ ದೀಪ ನಿಮ್ಮ ಮಗನಿಗೆ ಹಿಂಸೆಯಾದರೂ ಆಗಬಹುದು.

ಇನ್ನೊಂದು ಹೇಳಿಬಿಡ್ತೀನಿ. ಓಟದಿಂದ ಗಮನ, ನಿದ್ದೆ, ತಡೆದುಕೊಳ್ಳೋ ಶಕ್ತಿ, ಮೈಯ ಹಿಡಿತ ಸುಧಾರಿಸಬಹುದು. ಹಾಂಗ್‌ಕಾಂಗ್‌ನಲ್ಲಿ 12 ವಾರ ಬ್ಯಾಸ್ಕೆಟ್‌ಬಾಲ್ ಕಲಿಸಿದಾಗ ಆಟಿಸಂ ಮಕ್ಕಳ ನಿದ್ದೆ ಸುಧಾರಿಸಿದ್ದು ದಾಖಲಾಗಿದೆ. ಮಾತು ಬರೋದು ಮಾತ್ರ ಬರೀ ಓಟದಿಂದ ಅಲ್ಲ. ಸ್ಪೀಚ್ ಬಿಡಿಸಬೇಡಿ. ಬೇಕಿದ್ರೆ ಸಮಯ ಬದಲಾಯಿಸಿ, ಸ್ಪೀಚ್‌ಗೆ ಹೋಗೋಕೆ ಅರ್ಧ ಗಂಟೆ ಮೊದಲು ಓಡಿಸಿ ನೋಡಿ. ಒಂದು ಪುಸ್ತಕದಲ್ಲಿ ಓಡಿದ ದಿನ, ಓಡದ ದಿನ, ಮಲಗಿದ ಹೊತ್ತು ಬರೀತಾ ಹೋಗಿ. ಮೂರು ವಾರ ಆದ ಮೇಲೆ ‘ನನ್ನ ಆಸೆಯಾ’ ಅನ್ನೋ ಪ್ರಶ್ನೆಗೆ ನಿಮ್ಮ ಬರಹವೇ ಉತ್ತರ ಕೊಡುತ್ತೆ. ಯಜಮಾನರಿಗೂ ಅದನ್ನೇ ತೋರಿಸಿ.

ಉಡುಪಿ ಮೀನಮ್ಮ
ಶೂ ವಿಷಯ ಯಾರೂ ಹೇಳಲೇ ಇಲ್ಲವಲ್ಲ!

ನೀಲಿ ಹೆಡ್‌ಫೋನ್
ಅದು ಶೂ ಅಲ್ಲದೆ ಸಾಕ್ಸ್ ಇರಬಹುದು. ಬೆರಳಿನ ಹತ್ತಿರದ ಹೊಲಿಗೆ ನನಗೆ ಮುಳ್ಳಿನ ಹಾಗೆ ಚುಚ್ಚುತ್ತೆ. ಒಳಗಿದ್ದು ಹೊರಗೆ ಬರೋ ಹಾಗೆ ತಿರುಗಿಸಿ ಹಾಕಿ. ಈಗಲೂ ನಾನು ಹಾಗೇ ಹಾಕ್ಕೊಳ್ಳೋದು.

ರಾಯಚೂರು ತಾಯಿ
ಮತ್ತ ಎಷ್ಟು ಸುತ್ತು ಅಂತ ಅವಂಗ ಕಾಣಬೇಕ್ರಿ. ನಾನು ಐದು ಹುಣಸಿ ಬೀಜ ಬಟ್ಟಲದಾಗ ಇಡ್ತೀನಿ. ಒಂದು ಸುತ್ತಿಗೆ ಒಂದು ಬೀಜ ತಗದು ನನ್ನ ಕೈಯಾಗ ಕೊಡ್ತಾನ. ಬಟ್ಟಲ ಖಾಲಿ ಆತಂದ್ರ ಮನಿಗೆ. ‘ಇನ್ನೊಂದೇ ಸುತ್ತು’ ಅಂತ ಯಾವತ್ತೂ ಅನ್ನಂಗಿಲ್ಲ ನಾನು. ಅಂದ್ರ ನಾಳಿ ನಂಬಂಗಿಲ್ಲ.

ಕುವೆಂಪುನಗರದಮ್ಮ
ನಾಲ್ಕು ದಿನ ಬಿಟ್ಟು ಬರೀತಿದ್ದೀನಿ. ಸೆಂಟರ್‌ಗೆ ಬೇಡ ಅಂತ ಫೋನ್ ಮಾಡಿ ಹೇಳಿದೆ. ನಮ್ಮೆಜಮಾನ್ರಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ, ಪುಸ್ತಕದಲ್ಲಿ ಬರೆಯೋ ಕೆಲಸ ಅವರಿಗೇ ಕೊಟ್ಟಿದ್ದೀನಿ.

ಸಾಕ್ಸ್ ತಿರುಗಿಸಿ ಹಾಕಿದೆ. ಮೊದಲ ದಿನ ಆದ್ರೂ ಕಿತ್ತ. ಎರಡನೇ ದಿನ ಒಂದು ಸುತ್ತು ಆಗೋ ತನಕ ಇಟ್ಕೊಂಡಿದ್ದ. ನಿನ್ನೆ ನಾಲ್ಕು ಬೀಜ ಕೊಟ್ಟ, ಐದನೇದು ಕೊಡಲಿಲ್ಲ. ಮನೆಗೆ ಬಂದ ಮೇಲೆ ನೋಡಿದ್ರೆ ಮುಷ್ಟಿಯಲ್ಲೇ ಇತ್ತು. ಕೇಳಿದ್ದಕ್ಕೆ ‘ನಾಳೆ ಪಾರ್ಕ್’ ಅಂದ.

ರಾಯಚೂರು ತಾಯಿ
ಆ ಬೀಜ ಅವನ ಕಡೆನ ಇರಲಿ ಬಿಡ್ರಿ ಅಕ್ಕಾ. ಬಟ್ಟಲಕ್ಕ ಬ್ಯಾರೆದು ಹಾಕ್ರಿ.